ಹಳೇ ಪೋಸ್ಟ್ ಪತ್ರಿಕೆಯ ಬೇಸ್‌ಬಾಲ್ ಕವರ್‌ಗಳು: ಫ್ರೇಮ್ ಹಾಕಿರೋದು ಬೇಡ, ಇಡೀ ಸಂಚಿಕೆನೇ ತಗೊಳ್ಳಿ

ಅಮೆರಿಕದ ಹಳೇ ಪತ್ರಿಕೆ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್‌ನ 1949ರ ಏಪ್ರಿಲ್ 23ರ ಸಂಚಿಕೆ ಕೊನೆಗೂ ಸಿಕ್ತು! ಅಮೆರಿಕದ ಚಿತ್ರಕಾರ ನಾರ್ಮನ್ ರಾಕ್‌ವೆಲ್ ಬರೆದ ಮೂರು ಜನ ಅಂಪೈರ್‌ಗಳ ಚಿತ್ರ ಇರೋ ಕವರ್ ಇದು, ಬೇಸ್‌ಬಾಲ್ ಕವರ್ ಕೂಡಿಡೋ ಹುಚ್ಚಿರೋರು ಯಾರೂ ಇದನ್ನ ಬಿಡಲ್ಲ. ಇಲ್ಲಿ ಅಮೆರಿಕದಲ್ಲಿ ಹಳೇ ಪತ್ರಿಕೆ, ಪೋಸ್ಟ್‌ಕಾರ್ಡ್ ಮಾರೋ ಒಂದು ಅಂಗಡಿಲಿ ತಗೊಂಡೆ. ಚಿತ್ರಕ್ಕೆ ಐದಕ್ಕೆ ಐದು, ಪ್ರತಿಯ ಸ್ಥಿತಿಗೆ ನಾಲ್ಕು.

ಚಿತ್ರದಲ್ಲಿರೋದು ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್ ಮೈದಾನ, ಹಿಂದೆ ಸ್ಕೋರ್‌ಬೋರ್ಡಲ್ಲಿ ಪಿಟ್ಸ್‌ಬರ್ಗ್ 1, ಬ್ರೂಕ್ಲಿನ್ 0, ಆರನೇ ಇನ್ನಿಂಗ್ಸ್ ನಡೀತಿದೆ. ನಡುವಿನ ಅಂಪೈರ್ ಅಂಗೈ ಚಾಚಿ ಹನಿ ಬೀಳ್ತಿದ್ಯಾ ಅಂತ ನೋಡ್ತಿದಾರೆ. ಐದು ಇನ್ನಿಂಗ್ಸ್ ಆಗಿಹೋಗಿದೆ, ಅಷ್ಟಾದ್ರೆ ಪಂದ್ಯ ಲೆಕ್ಕಕ್ಕೆ ಬರುತ್ತೆ, ಅಂದ್ರೆ ಈಗ ಮಳೆ ಅಂತ ಆಟ ನಿಲ್ಲಿಸಿದ್ರೆ ಪಿಟ್ಸ್‌ಬರ್ಗ್ ಗೆದ್ದ ಹಾಗೆ, ಅದಕ್ಕೇ ಅವರ ಹಿಂದೆ ಬ್ರೂಕ್ಲಿನ್ ಕೋಚ್ ಮಳೆನೇ ಇಲ್ಲ ಅನ್ನೋ ಹಾಗೆ ನಗ್ತಾ ನಿಂತಿದಾರೆ, ಪಿಟ್ಸ್‌ಬರ್ಗ್ ಮ್ಯಾನೇಜರ್ ನೋಡಿದ್ರೆ ಆಗ್ಲೇ ನೆಂದುಹೋದೋರ ಥರ ಮುದುರ್ಕೊಂಡಿದಾರೆ. ಡಕ್‌ವರ್ತ್ ಲೂಯಿಸ್ ಲೆಕ್ಕ ಹಾಕ್ತಾ ಮೋಡ ನೋಡಿರೋ ನಮ್ಮಂಥ ಕ್ರಿಕೆಟ್ ಮಂದಿಗೆ ಇದನ್ನ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ಫೋನಲ್ಲಿ ಈ ಚಿತ್ರ ಎಷ್ಟೋ ಸಲ ನೋಡಿದ್ದೆ, ಆದ್ರೆ ಪೋಸ್ಟ್ ದೊಡ್ಡ ಪತ್ರಿಕೆ, ಸುಮಾರು 11 ಇಂಚು ಅಗಲ 14 ಇಂಚು ಎತ್ತರ, ಆ ಸೈಜಲ್ಲಿ ಅಂಪೈರ್‌ಗಳ ಮುಖದ ಮೇಲಿನ ಗೆರೆಗಳೇ ಬೇರೆ ಥರ ಕಾಣ್ತವೆ. ಮೂಲ ಚಿತ್ರ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಮ್ಯೂಸಿಯಂನಲ್ಲಿದೆ.

ಒಂದು ಸ್ಟಾರ್ ಕಮ್ಮಿ ಕೊಟ್ಟಿದ್ದು ಯಾಕಂದ್ರೆ ಪತ್ರಿಕೆಯ ಬೆನ್ನಿನ (ಹಾಳೆ ಮಡಚಿ ಪಿನ್ ಹೊಡೆದಿರೋ ಅಂಚು) ಹತ್ರ ಪಿನ್ ತುಕ್ಕು ಹಿಡಿದು ಕವರ್ ಸ್ವಲ್ಪ ಸಡಿಲ ಆಗಿದೆ. ಕೆಳಗಡೆ ಚಂದಾದಾರರ ವಿಳಾಸದ ಚೀಟಿನೂ ಇದೆ. ಚೀಟಿ ಇಲ್ಲದ ಪ್ರತಿ ಅಂದ್ರೆ ಪೇಪರ್ ಅಂಗಡಿಲಿ ಮಾರಿದ್ದು, ಅದಕ್ಕೆ ರೇಟ್ ಜಾಸ್ತಿ. ನನಗೆ ಚೀಟಿ ಇದ್ರೆ ಬೇಜಾರಿಲ್ಲ, ಯಾರದೋ ಮನೆಗೆ ಅಂಚೆಲಿ ಹೋಗಿದ್ದ ಪತ್ರಿಕೆ ಅಂತ ಖುಷಿನೇ. ದಯವಿಟ್ಟು ಅದನ್ನ ಕೀಳಕ್ಕೆ ಮಾತ್ರ ಹೋಗ್ಬೇಡಿ, ಬಣ್ಣನೂ ಜೊತೆಗೆ ಎದ್ದು ಬರುತ್ತೆ.

ಕವರ್ ಮಾತ್ರ ಕತ್ತರಿಸಿ ಫ್ರೇಮ್ ಹಾಕಿ ಮಾರೋದು ಬಹಳ ಕಡೆ ಇದೆ. ಗೋಡೆಗೆ ಚೆನ್ನಾಗಿರುತ್ತೆ ನಿಜ, ಆದ್ರೆ ಅಂಚು ಎಷ್ಟು ಕತ್ತರಿಸಿದಾರೆ ಗೊತ್ತಾಗಲ್ಲ, ಹಿಂಬದಿನೂ ನೋಡಕ್ಕಾಗಲ್ಲ. ಅಸಲಿ ಕವರ್ ಹಿಂದೆ ಆ ಕಾಲದ ಜಾಹೀರಾತು ಇರುತ್ತೆ, ಭೂತಗನ್ನಡಿ ಇಟ್ರೆ ಬಣ್ಣದ ಚುಕ್ಕೆಗಳು ಸಾಲಾಗಿ ಹೂವಿನ ಥರ ಕೂತಿರ್ತವೆ. ಇತ್ತೀಚೆಗೆ ಪ್ರಿಂಟರಲ್ಲಿ ತೆಗೆದಿದ್ರೆ ಚುಕ್ಕೆ ಚೆಲ್ಲಾಪಿಲ್ಲಿ. ಫ್ರೇಮ್ ಒಳಗಿದ್ರೆ ಇದನ್ನೆಲ್ಲ ಪರೀಕ್ಷೆ ಮಾಡೋದು ಹೇಗೆ ಹೇಳಿ? ಇಡೀ ಸಂಚಿಕೆ ತಗೊಂಡ್ರೆ ಒಳಗಿನ ಕಾರು, ಫ್ರಿಜ್ ಜಾಹೀರಾತುಗಳೂ ಸಿಗ್ತವೆ. ಮನೆಗೆ ತಂದ ತಕ್ಷಣ ಪಾಲಿಯೆಸ್ಟರ್ ಪ್ಲಾಸ್ಟಿಕ್ ಚೀಲದಲ್ಲಿ, ಆಸಿಡ್ ಇಲ್ಲದ ರಟ್ಟಿನ ಜೊತೆ ಇಡಿ, ಬಿಸಿಲಿಗೆ ಮಾತ್ರ ಬೇಡ.

ರಾಕ್‌ವೆಲ್ ಹೆಸರಿದ್ರೆ ರೇಟ್ ಏರುತ್ತೆ. ಬಾಸ್ಟನ್ ರೆಡ್ ಸಾಕ್ಸ್ ತಂಡದ ಡ್ರೆಸಿಂಗ್ ರೂಮಿಗೆ ಸೂಟ್‌ಕೇಸ್ ಹಿಡ್ಕೊಂಡು ಬರೋ ಹೊಸ ಹುಡುಗನ ಕವರು, 1957ರ ಮಾರ್ಚ್ 2ರದ್ದು, ಅದರ ಮೂಲ ಚಿತ್ರ 2014ರ ಹರಾಜಲ್ಲಿ 2.25 ಕೋಟಿ ಡಾಲರ್‌ಗೆ ಹೋಯ್ತು, ಆ ಸುದ್ದಿ ಓದಿದೋರೆಲ್ಲ ಅದನ್ನೇ ಕೇಳ್ತಾರೆ. ಹೊಸದಾಗಿ ಶುರು ಮಾಡೋರು ಜಾನ್ ಫಾಲ್ಟರ್ ಬರೆದ 1954ರ ಮೇ 1ರ ಕವರ್ ನೋಡಿ, ಬೇಸ್‌ಬಾಲ್ ಆಟಗಾರ ಸ್ಟ್ಯಾನ್ ಮ್ಯೂಸಿಯಲ್ ಹುಡುಗರಿಗೆ ಆಟೋಗ್ರಾಫ್ ಹಾಕ್ತಿರೋದು. ಚಿತ್ರ ಯಾವ್ದಕ್ಕೂ ಕಮ್ಮಿ ಇಲ್ಲ. ಆನ್‌ಲೈನಲ್ಲಿ ತಗೊಳ್ಳೋದಾದ್ರೆ ದುಡ್ಡು ಕೊಡೋ ಮುಂಚೆ ಬೆನ್ನಿನದೂ ನಾಲ್ಕು ಮೂಲೆದೂ ಫೋಟೋ ಕೇಳಿ, ಮಡಚದೆ ಗಟ್ಟಿ ರಟ್ಟಿನ ಮಧ್ಯೆ ಇಟ್ಟು ಕಳಿಸ್ತೀವಿ ಅಂತ ಬರೆದುಕೊಟ್ರೆ ಮಾತ್ರ ಆರ್ಡರ್ ಮಾಡಿ.