ಗೋಣಿಕೊಪ್ಪಲಿನ ಒಂದು ಗ್ಯಾರೇಜು: ಕೆಲಸಕ್ಕೆ ನಾಲ್ಕೂವರೆ ನಕ್ಷತ್ರ, ಹೇಳಿದ ದಿನಕ್ಕೆ ಕೊಡುವುದರಲ್ಲಿ ಒಂದೂವರೆ

ಗ್ಯಾರೇಜಿನ ಹೆಸರು ಬರೆಯುತ್ತಿಲ್ಲ. ಬರೆಯುತ್ತೇನೆ ಎಂದಾಗ ಮೇಸ್ತ್ರಿಯೇ ಕೈಮುಗಿದು, "ಬೇಡ ಅಕ್ಕ, ಇರುವ ಗಾಡಿಗಳನ್ನೇ ಮುಗಿಸಲು ಆಗುತ್ತಿಲ್ಲ" ಎಂದರು. ಅದು ನಿಜ ಎಂದು ಮೂವತ್ತನಾಲ್ಕು ದಿನ ಕಾದ ನನಗೆ ಗೊತ್ತು.

2025ರ ಕಕ್ಕಡದ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳು) ಮಳೆಯಲ್ಲಿ ಸಿದ್ದಾಪುರದ ಕಡೆಯ ಒಂದು ತಗ್ಗು ರಸ್ತೆಯಲ್ಲಿ ನನ್ನ ಹಳೆಯ ಪೆಟ್ರೋಲ್ ಕಾರು ನೀರಿನ ನಡುವೆ ನಿಂತಿತು. ನಾನು ಗಾಬರಿಯಲ್ಲಿ ಮತ್ತೆ ಕೀ ತಿರುಗಿಸಿದೆ. ಗಾಳಿ ಹೋಗುವ ದಾರಿಯಲ್ಲಿ ಒಳಗೆ ಹೊಕ್ಕ ನೀರನ್ನು ಪಿಸ್ಟನ್ ಗಾಳಿಯಂತೆ ಒತ್ತಲಾರದು. ಬಾಗುವುದು ಪಿಸ್ಟನ್ನಿಗೆ ಜೋಡಿಸಿದ ಸರಳು, ಅಂದರೆ ಕನೆಕ್ಟಿಂಗ್ ರಾಡ್. ಕಂಪನಿಯ ಸರ್ವಿಸ್ ಸೆಂಟರ್ ಒಂದರಲ್ಲಿ ಅರ್ಧ ಎಂಜಿನ್ನನ್ನೇ ಬದಲಿಸಬೇಕೆಂದು 1,34,000 ರೂಪಾಯಿಯ ಅಂದಾಜು ಚೀಟಿ ಕೊಟ್ಟರು. ಒಳಗೆ ಬಿಚ್ಚಿ ನೋಡಿರಲಿಲ್ಲ. ವಿಮೆಯೂ ಬರಲಿಲ್ಲ. ನೀರು ಹೊಕ್ಕು ಎಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿ ಕೊಡುವುದಿಲ್ಲ, 'ಎಂಜಿನ್ ಪ್ರೊಟೆಕ್ಟ್' ಎಂದು ಬೇರೆಯಾಗಿ ಸೇರಿಸಿರಬೇಕು. ಪಾಲಿಸಿ ನವೀಕರಿಸುವಾಗ ನಾಲ್ಕು ಕಾಸು ಉಳಿಸಲು ಅದನ್ನು ಬಿಡಿಸಿದವಳು ನಾನೇ.

ಸರ್ವಿಸ್ ಸೆಂಟರ್‌ನ ಹುಡುಗ ಬಹಳ ವಿನಯದಿಂದ, "ಕ್ರೆಡಿಟ್ ಕಾರ್ಡ್ ಇದ್ದರೆ ಹನ್ನೆರಡು ಕಂತು ಮಾಡಿಕೊಡುತ್ತೇವೆ ಮೇಡಂ" ಎಂದ. ಸಂಬಳದವರಿಗೆ ಅದು ಸರಿ. ನಮಗಿರುವುದು ಮೂರು ಎಕರೆ ರೋಬಸ್ಟಾ ಕಾಫಿ. ಕೊಯ್ಲು ಮುಗಿದು, ಕಣದಲ್ಲಿ ಒಣಗಿ, ಚೀಲ ಮಾರಾಟವಾಗಿ ಕೈಗೆ ಹಣ ಬರುವುದು ಫೆಬ್ರವರಿ, ಮಾರ್ಚ್‌ಗೆ. ಕಂತು ಮಾತ್ರ ಸೆಪ್ಟೆಂಬರ್‌ನಿಂದಲೇ ಬಾಗಿಲಲ್ಲಿ ನಿಲ್ಲುತ್ತದೆ, ಅದೂ ಗೊಬ್ಬರಕ್ಕೂ ಕಳೆ ತೆಗೆಸುವ ಕೂಲಿಗೂ ಹಣ ಬೇಕಾದ ಹೊತ್ತಿನಲ್ಲಿ.

ಕಾರನ್ನು ಎಳೆಸಿಕೊಂಡು ಗೋಣಿಕೊಪ್ಪಲಿಗೆ ತಂದೆ. ಮೇಸ್ತ್ರಿ ಬಾಯಿಗೆ ಬಂದ ಮೊತ್ತ ಹೇಳಲಿಲ್ಲ. "ಬಿಚ್ಚಿ ನೋಡಲು 4,000. ಕೆಲಸ ನನಗೇ ಕೊಟ್ಟರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇನೆ" ಎಂದರು. ಮೂರನೇ ದಿನ ಫೋನ್ ಬಂತು. ಹೋಗಿ ನೋಡಿದರೆ ಒಂದೇ ರಾಡ್ ಬಾಗಿತ್ತು. ಅದನ್ನು ಸರಿಯಾದ ರಾಡ್ ಪಕ್ಕದಲ್ಲಿಟ್ಟು ತೋರಿಸಿದರು. ವ್ಯತ್ಯಾಸ ನನ್ನ ಕಣ್ಣಿಗೂ ಕಂಡಿತು. ರಾಡ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್, ಮೈಸೂರಿನ ಲೇತ್ ಕೆಲಸ, ಕೂಲಿ, ಎಲ್ಲ ಸೇರಿ 61,400 ರೂಪಾಯಿ, ಜಿಎಸ್‌ಟಿ ಬಿಲ್ಲಿನ ಸಮೇತ. ಕ್ಲಚ್ ಪ್ಲೇಟ್ ಕೂಡ ಇದರಲ್ಲೇ ಬಂತು. ಎಂಜಿನ್ ಹೇಗೂ ಇಳಿಸಿದೆ, ಈಗಲೇ ಹಾಕಿಸಿದರೆ ಇನ್ನೊಮ್ಮೆ ಇಳಿಸುವ ಕೂಲಿ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಸವೆದಿದ್ದ ಶಾಕ್ ಅಬ್ಸಾರ್ಬರ್‌ಗಳನ್ನು ಮಾತ್ರ "ಇನ್ನೆರಡು ತಿಂಗಳು ಓಡಿಸಿ" ಎಂದು ಮುಂದೂಡಿದರು. ಅದೃಷ್ಟಕ್ಕೆ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ ಶೇಕಡಾ 18ಕ್ಕೆ ಇಳಿಯಿತು. ಅಕ್ಟೋಬರ್‌ನಲ್ಲಿ ಹಾಕಿಸಿದಾಗ ಅಷ್ಟು ಉಳಿಯಿತು. ಅದು ಮೇಸ್ತ್ರಿಗೂ ಮೊದಲೇ ಗೊತ್ತಿರಲಿಲ್ಲ, ಆದರೂ ಯಶಸ್ಸನ್ನು ತಾವೇ ತೆಗೆದುಕೊಂಡರು.

ಹಣದ ಏರ್ಪಾಡು ಹೀಗಾಯಿತು. ಸಾಮಾನಿಗೆ 20,000, ಲೇತಿನಿಂದ ಎಂಜಿನ್ ಬಂದ ದಿನ 25,000, ಉಳಿದದ್ದು "ಕಾಫಿ ಕೊಟ್ಟ ಮೇಲೆ". ಮೊದಲ 45,000ಕ್ಕೆ ಬ್ಯಾಂಕಿನಲ್ಲಿ ಒಂದು ಬಳೆ ಅಡವಿಟ್ಟೆ. ಚಿನ್ನದ ಬೆಲೆ ಏರಿದ್ದರಿಂದ ಇನ್ನೂ ಹೆಚ್ಚು ಸಿಗುತ್ತಿತ್ತು, ಬ್ಯಾಂಕಿನವರು ಹಾಗೆಂದು ಪುಸಲಾಯಿಸಿದರು ಕೂಡ. ಬೇಡವೆಂದೆ. ವರ್ಷಕ್ಕೆ ಶೇಕಡಾ 9ರಂತೆ ಏಳು ತಿಂಗಳಿಗೆ ಬಡ್ಡಿ 2,360 ರೂಪಾಯಿ ಚಿಲ್ಲರೆ. ಅಸಲು, ಬಡ್ಡಿ ಎರಡನ್ನೂ ಕೊನೆಯಲ್ಲಿ ಒಟ್ಟಿಗೆ ಕಟ್ಟಿ ಬಳೆ ಬಿಡಿಸಿಕೊಂಡೆ. ಇದೇ 45,000ವನ್ನು ಕಾರ್ಡಿನಲ್ಲಿ ಶೇಕಡಾ 15ರಂತೆ ಹನ್ನೆರಡು ಕಂತು ಮಾಡಿದ್ದರೆ, ಬಡ್ಡಿಯೂ ಬಡ್ಡಿಯ ಮೇಲಿನ ಶೇಕಡಾ 18 ಜಿಎಸ್‌ಟಿಯೂ ಸೇರಿ ನಾಲ್ಕೂವರೆ ಸಾವಿರದ ಹತ್ತಿರ ಹೋಗುತ್ತಿತ್ತು. ಅವಧಿ ಬೇರೆ, ಹೋಲಿಕೆ ಪೂರ್ತಿ ಸರಿಯಲ್ಲ ಎಂದು ನನ್ನ ಮಗ ತಕರಾರು ತೆಗೆದ. ತಿಂಗಳಿಗೆ ನಾಲ್ಕು ಸಾವಿರದಂತೆ ಕಂತು ಕಟ್ಟುವವನು ನೀನೋ ಎಂದು ಕೇಳಿದೆ, ಸುಮ್ಮನಾದ.

ಈಗ ದೂರುಗಳು. ಹದಿನೈದು ದಿನ ಎಂದವರು ಮೂವತ್ತನಾಲ್ಕು ದಿನ ಮಾಡಿದರು. ಬೆಳಿಗ್ಗೆ ಹತ್ತಕ್ಕೆ ಮೊದಲು ಫೋನ್ ಎತ್ತುವುದಿಲ್ಲ, ಎತ್ತಿದರೆ "ಲೇತಿನಲ್ಲಿದೆ ಅಕ್ಕ" ಎಂಬ ಒಂದೇ ಉತ್ತರ. ಗ್ಯಾರಂಟಿ ಕಾಗದವಿಲ್ಲ, ಆರು ತಿಂಗಳಲ್ಲಿ ಏನಾದರೂ ಆದರೆ ತನ್ನಿ ಎಂಬ ಬಾಯಿಮಾತು ಮಾತ್ರ. ಕುಳಿತುಕೊಳ್ಳಲು ಇರುವುದು ಯಾವುದೋ ಜೀಪಿನಿಂದ ಕಿತ್ತ ಸೀಟು, ಅದರ ನೇರ ಮೇಲೆಯೇ ತಗಡು ಸೋರುತ್ತದೆ. ನಿತ್ಯ ಕೆಲಸಕ್ಕೆ ಕಾರು ಬೇಕಾದವರಿಗೆ ಈ ಜಾಗ ಹೇಳಿಮಾಡಿಸಿದ್ದಲ್ಲ.

ಎಂಜಿನ್ ಈಗ ಹೊಗೆಯಿಲ್ಲದೆ ಮಡಿಕೇರಿ ಘಟ್ಟ ಹತ್ತುತ್ತದೆ. ಹಳೆಯ ಸಾಮಾನನ್ನೆಲ್ಲ ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದರು. ಮಾರ್ಚ್‌ನಲ್ಲಿ ಉಳಿದ 16,400 ಕೊಡಲು ಹೋದಾಗ ಮೇಸ್ತ್ರಿ ಎಣ್ಣೆ ಮೆತ್ತಿದ ಪುಸ್ತಕ ತಿರುವಿ ನನ್ನ ಹೆಸರಿನ ಮೇಲೆ ಗೆರೆ ಎಳೆದರು. ಆ ತಗಡು ಮಾತ್ರ ಹಾಗೆಯೇ ಇತ್ತು. ಈ ಮಳೆಗೆ ಮೊದಲು ಬದಲಿಸುತ್ತಾರಂತೆ, ಹದಿನೈದು ದಿನದಲ್ಲಿ.