ಗೋಡೆ ಒಡೆದು ಬರುವ ಮಲ್ಲಣ್ಣ: ಮೈನ್‌ಕ್ರಾಫ್ಟ್‌ನಲ್ಲಿ ಎಐ ಸಹಾಯಕನ ದೀರ್ಘ ಬಳಕೆ

ಕಲಬುರಗಿ ಕೋಟೆಯ ಜಾಮಾ ಮಸೀದಿಯನ್ನು ಮೈನ್‌ಕ್ರಾಫ್ಟ್‌ನಲ್ಲಿ, ಅಂದರೆ ಕಲ್ಲು ಮಣ್ಣು ಅಗೆದು ತಂದು ಜೋಡಿಸಿ ಕಟ್ಟುವ ಕಂಪ್ಯೂಟರ್ ಆಟದಲ್ಲಿ, ಕಟ್ಟುತ್ತಿದ್ದೇನೆ. 1367ರ ಆ ಕಟ್ಟಡಕ್ಕೆ ತೆರೆದ ಅಂಗಳವೇ ಇಲ್ಲ. ಇಡೀ ನೆಲಕ್ಕೆ ಗುಮ್ಮಟಗಳ ನೆರಳು, ಒಳಗೆ ಸಾಲು ಸಾಲು ಕಮಾನು. ಅಷ್ಟು ಕಲ್ಲನ್ನು ಒಬ್ಬನೇ ಅಗೆದು ತರುವುದು ಆಗದ ಮಾತು. 2023ರಲ್ಲಿ ಬಂದ ವಾಯೇಜರ್ ಸಂಶೋಧನೆಯಲ್ಲಿ ಜಿಪಿಟಿ-4 ಎಂಬ ಭಾಷಾ ಮಾದರಿ (ಮಾತು ಓದಿ ಉತ್ತರ ಬರೆಯುವ ಎಐ) ತಾನೇ ಕೋಡ್ ಬರೆದು ಈ ಆಟ ಆಡಿದ್ದನ್ನು ಓದಿದ್ದೆ. ಅದೇ ಬಗೆಯ ಬಾಟ್ ಒಂದನ್ನು, ಅಂದರೆ ಆಟದೊಳಗೆ ತಾನೇ ಓಡಾಡಿ ಕೆಲಸ ಮಾಡುವ ಪ್ರೋಗ್ರಾಂ ಆಟಗಾರನನ್ನು, ಇಟ್ಟುಕೊಂಡು ಮಲ್ಲಣ್ಣ ಎಂದು ಕರೆಯುತ್ತೇನೆ. ಅಳವಡಿಸುವ ಕ್ರಮ ಎಲ್ಲ ಕಡೆ ಸಿಗುತ್ತದೆ, ಬಿಡಿ.

ರಾತ್ರಿ ಅಂಗಡಿ ಮುಚ್ಚಿ ಬಂದು, ಬಾಟ್ ಒಳಗೆ ಬರಲೆಂದು ಆಟವನ್ನು ಲ್ಯಾನ್‌ಗೆ (ಮನೆಯೊಳಗಿನ ನೆಟ್‌ವರ್ಕ್‌ಗೆ) ತೆರೆದು, ಅದರ ಪ್ರೋಗ್ರಾಂ ಚಾಲೂ ಮಾಡುತ್ತೇನೆ. "ಮಲ್ಲಣ್ಣ, ಗೋಧಿ ಕೊಯ್ದು ಮತ್ತೆ ಬಿತ್ತು, ಆಮೇಲೆ ಕಲ್ಲು ತಂದು ಪೆಟ್ಟಿಗೆಗೆ ಹಾಕು" ಎಂದು ಕನ್ನಡದಲ್ಲೇ ಬರೆಯುತ್ತೇನೆ. ಅವನಿಗೆ ತಿಳಿಯುತ್ತದೆ! ರೊಟ್ಟಿ, ಪುಂಡಿಪಲ್ಯ ಉಂಡು ಕೈ ತೊಳೆಯುವ ಹೊತ್ತಿಗೆ ಆಟದ ಒಂದು ದಿನ, ಅಂದರೆ 20 ನಿಮಿಷ, ಕಳೆದಿರುತ್ತದೆ. ಪೆಟ್ಟಿಗೆ ತೆರೆದಾಗ ಒಳಗೆ ಕಲ್ಲು ತುಂಬಿರುವುದನ್ನು ನೋಡುವ ಸುಖವೇ ಬೇರೆ. (ಗೋಧಿಯ ಜೊತೆ ತೊಗರಿಯೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.)

ಆದರೆ "ಇಲ್ಲಿ ಬಾ" ಎಂದು ಕರೆದರೆ ಮಲ್ಲಣ್ಣ ಗೋಡೆ ಒಡೆದುಕೊಂಡು ಬರುತ್ತಾನೆ. ಪಶ್ಚಿಮದ ದೊಡ್ಡ ಗುಮ್ಮಟದ ಕೆಳಗೆ ವಾರಗಟ್ಟಲೆ ಕೂತು ಜೋಡಿಸಿದ ಗೋಡೆಗೆ ಆಳೆತ್ತರದ ತೂತು ಕೊರೆದು, ಎದುರಿಗೆ ನಿಂತು "ಬಂದೆ, ಮುಂದೇನು ಮಾಡಲಿ?" ಎಂದು ವಿನಯದಿಂದ ಕೇಳಿದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಗೋಡೆ ಒಡೆಯಬೇಡ" ಎಂದರೆ "ಆಗಲಿ" ಎನ್ನುತ್ತಾನೆ, ಮರುಗಳಿಗೆ ಮತ್ತೆ ಒಡೆಯುತ್ತಾನೆ. ಮಾತು ಕೊಡುವುದು ಭಾಷಾ ಮಾದರಿ. ಕಾಲು ನಡೆಸುವುದು ದಾರಿ ಹುಡುಕುವ ಬೇರೊಂದು ಪ್ರೋಗ್ರಾಂ. ಸುತ್ತಿ ಬರುವುದಕ್ಕಿಂತ ಅಗೆಯುವುದು ಹತ್ತಿರವೆಂದು ಲೆಕ್ಕ ಬಂದರೆ ಅದು ಅಗೆಯುತ್ತದೆ. ನಮ್ಮ ಮಾತು ಅದರವರೆಗೆ ಮುಟ್ಟುವುದೇ ಇಲ್ಲ. ಮಾದರಿಯ ಮುಂದೆ ಆಟದ ಪರದೆಯೂ ಇಲ್ಲ. ಸುತ್ತಲಿನ ವಿವರ ಅಕ್ಷರಗಳಲ್ಲಿ ಬರುತ್ತದೆ, ಅಷ್ಟೇ. ಹೀಗಾಗಿ ತೂತು ಬಿದ್ದದ್ದೇ ಅದಕ್ಕೆ ಗೊತ್ತಾಗುವುದಿಲ್ಲ.

ನಡೆಯುವಾಗ ಅಗೆಯುವ ಅನುಮತಿಯನ್ನೇ ತೆಗೆದೆ. ಗೋಡೆ ಉಳಿಯಿತು, ಮಲ್ಲಣ್ಣ ಗಣಿಯಲ್ಲಿ ಸಿಕ್ಕಿಬಿದ್ದ. ಕೊನೆಗೆ ಕೆಲಸಕ್ಕೆ ಬಂದದ್ದು, ದಾರಿ ಹುಡುಕುವ ಪ್ರೋಗ್ರಾಂನಲ್ಲಿರುವ ಒಡೆಯಬಾರದ ವಸ್ತುಗಳ ಪಟ್ಟಿ. ನನ್ನ ಮಸೀದಿಯೆಲ್ಲ ಕಲ್ಲಿನ ಇಟ್ಟಿಗೆಯದು, ಗಣಿಯಲ್ಲಿ ಸಿಗುವುದು ಬರೀ ಕಲ್ಲು. ಇಟ್ಟಿಗೆಯ ಹೆಸರನ್ನು ಆ ಪಟ್ಟಿಗೆ ಸೇರಿಸಿದ ಮೇಲೆ ಕಮಾನಿನ ಕೆಳಗಿಂದಲೇ ಬರುತ್ತಾನೆ. ಇಷ್ಟು ಮುಖ್ಯವಾದ ಮಾತನ್ನು ಬಾಟ್ ಅಳವಡಿಸುವ ಸೂಚನೆಗಳ ಮೊದಲ ಸಾಲಿನಲ್ಲೇ ಬರೆಯಬೇಕಿತ್ತು.

ಖರ್ಚಿನ ವಿಷಯ: ಮಾದರಿಯ ಬಳಕೆಗೆ ಬಿಲ್ ಟೋಕನ್ (ಮಾತಿನ ಚಿಕ್ಕ ತುಣುಕು) ಲೆಕ್ಕದಲ್ಲಿ ಬರುತ್ತದೆ, ಅದೇ ಮಾತಿಗೆ ಇಂಗ್ಲಿಷಿಗಿಂತ ಕನ್ನಡಕ್ಕೆ ಹೆಚ್ಚು ಟೋಕನ್ ಬೇಕು. ಆದರೂ ಕನ್ನಡ ಬಿಟ್ಟಿಲ್ಲ, ವಾಕ್ಯಗಳನ್ನು ಚಿಕ್ಕದು ಮಾಡಿದ್ದೇನೆ. ಸ್ವಂತ ಕಂಪ್ಯೂಟರಿನಲ್ಲೇ ಓಡುವ ಉಚಿತ ಮಾದರಿಗಳಿವೆ, ಆದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಉತ್ತರಕ್ಕೆ ಕಾಯುವಷ್ಟರಲ್ಲಿ ಕತ್ತಲಾಗಿ ಜೊಂಬಿಗಳು ಬಂದುಬಿಡುತ್ತವೆ. ಕಲ್ಲು, ಮರ, ಬೆಳೆಯ ಕೆಲಸಕ್ಕೆ ಧೈರ್ಯವಾಗಿ ಇಟ್ಟುಕೊಳ್ಳಿ. ಗುಮ್ಮಟವನ್ನು ಮಾತ್ರ ನಾನು ಅವನ ಕೈಗೆ ಕೊಡುವುದಿಲ್ಲ.