ದುಬೈನಿಂದ ಕಲಬುರಗಿಗೆ ಹಣ: ಸ್ವಿಫ್ಟ್ ಕೋಡಾ, ಐಎಫ್‌ಎಸ್‌ಸಿನಾ?

ತಮ್ಮ ದುಬೈಗೆ ಹೋಗಿ ಎರಡು ವರ್ಷ ಆಯಿತು. ಅವನು ಮೊದಲ ಸಲ ಕಳಿಸಿದ ಹಣ ನಮಗೆ ಮುಟ್ಟಲೇ ಇಲ್ಲ. ತೊಗರಿ ಬಿತ್ತನೆ ಹೊತ್ತು, ಬೀಜ ಗೊಬ್ಬರಕ್ಕೆ ಅಪ್ಪ ಕಾಯುತ್ತಾ ಕೂತಿದ್ದರು. ತಪ್ಪು ನನ್ನದೇ. ಸ್ವಿಫ್ಟ್ ಕೋಡ್ (ದೇಶದಿಂದ ದೇಶಕ್ಕೆ ಹಣ ಕಳಿಸುವಾಗ ಬ್ಯಾಂಕಿನ ಗುರುತು) ಕೇಳಿದರೆ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ (ನಮ್ಮ ದೇಶದೊಳಗೆ ಹಣ ಕಳಿಸುವಾಗ ಶಾಖೆಯ ಗುರುತು) ಕಳಿಸಿಬಿಟ್ಟಿದ್ದೆ.

ಗೊಂದಲ ಆಗೋದು ಸಹಜ. ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ, ಸ್ವಿಫ್ಟ್‌ನಲ್ಲಿ 8 ಇಲ್ಲವೇ 11. ಎರಡರಲ್ಲೂ ಮೊದಲ ನಾಲ್ಕು ಬ್ಯಾಂಕಿನ ಗುರುತು. ಐದನೆಯದನ್ನು ನೋಡಿ. ಸೊನ್ನೆ ಇದ್ದರೆ ಐಎಫ್‌ಎಸ್‌ಸಿ. ಅಲ್ಲಿಂದ 'ಐಎನ್' (IN) ಅಂತ ದೇಶದ ಗುರುತು ಶುರುವಾದರೆ ಸ್ವಿಫ್ಟ್.

ಆಮೇಲೆ ಎರಡೂ ದಾರಿ ನೋಡಿದೆವು. ಸ್ವಿಫ್ಟ್‌ನಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸಿದಾಗ ನಾಲ್ಕು ದಿನ ಹಿಡಿಯಿತು. ನಮ್ಮ ಶಾಖೆಗೆ ಸ್ವಂತ ಸ್ವಿಫ್ಟ್ ಕೋಡ್ ಇಲ್ಲ, ಹಾಗಾಗಿ ಮುಖ್ಯ ಕಚೇರಿಯದನ್ನು ಕೊಟ್ಟೆವು. ನಡುವಿನ ಬ್ಯಾಂಕ್ ತನ್ನ ಪಾಲು ಹಿಡಿದುಕೊಂಡು ಮೊತ್ತ ಸ್ವಲ್ಪ ಕಮ್ಮಿ ಬಂತು. ಫಾರ್ಮ್‌ನಲ್ಲಿ ಖರ್ಚು ಯಾರದು ಅಂತ ಕೇಳುತ್ತಾರೆ. 'ಶಾ' (SHA) ಅಂದರೆ ಹಂಚಿಕೊಳ್ಳೋದು, 'ಅವರ್' (OUR) ಅಂದರೆ ಪೂರ್ತಿ ಕಳಿಸುವವನದು. ನಾವು 'ಶಾ' ಅಂತ ಬರೆದಿದ್ದೆವು. ಐಬ್ಯಾನ್ (ಹಲವು ದೇಶಗಳಲ್ಲಿ ಬಳಸುವ ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಕೇಳಿದರೆ ಗಾಬರಿ ಬೇಡ, ನಮ್ಮ ದೇಶದಲ್ಲಿ ಅದಿಲ್ಲ. ಖಾತೆ ಸಂಖ್ಯೆ ಕೊಟ್ಟರೆ ಸಾಕು.

ಇನ್ನೊಂದು ದಾರಿ ಎಕ್ಸ್‌ಚೇಂಜ್ ಹೌಸ್, ಅಂದರೆ ಅಲ್ಲಿನ ಹಣ ಕಟ್ಟಿಸಿಕೊಂಡು ಊರಿಗೆ ಕಳಿಸುವ ಸಂಸ್ಥೆ. ಅವರಿಗೆ ನಮ್ಮ ಬ್ಯಾಂಕುಗಳ ಜೊತೆ ರೂಪಾಯಿಯಲ್ಲಿ ಹಣ ಮುಟ್ಟಿಸುವ ಒಪ್ಪಂದ ಇರುತ್ತದೆ. ಹಣ ಇಲ್ಲಿ ನೆಫ್ಟ್ ಅಥವಾ ಐಎಂಪಿಎಸ್ (ದೇಶದೊಳಗೆ ಖಾತೆಯಿಂದ ಖಾತೆಗೆ ಕಳಿಸುವ ವ್ಯವಸ್ಥೆಗಳು) ಮೂಲಕ ಸೇರುತ್ತದೆ, ಅದಕ್ಕೆ ಐಎಫ್‌ಎಸ್‌ಸಿಯೇ ಸಾಕು. ಬೆಳಗ್ಗೆ ಕಟ್ಟಿದ್ದು ಸಂಜೆಯೊಳಗೆ ಬಂತು. ಎಷ್ಟು ರೂಪಾಯಿ ಕೈಗೆ ಸಿಗುತ್ತದೆ ಅಂತ ಮೊದಲೇ ರಸೀದಿಯಲ್ಲಿತ್ತು. ಆದರೆ ಅವರ ವಿನಿಮಯ ದರ ಬ್ಯಾಂಕಿನ ದರದ ಜೊತೆ ಇಟ್ಟು ನೋಡಲೇಬೇಕು, ಶುಲ್ಕ ಕಮ್ಮಿ ಅಂತ ಸುಮ್ನೆ ನಂಬಬೇಡಿ. ಶಾಖೆಗಳ ಪಟ್ಟಿಯಲ್ಲಿ 'ಕಲಬುರಗಿ' ಸಿಗದೆ ತಮ್ಮ ತಡಕಾಡಿದ. 'ಗುಲ್ಬರ್ಗಾ' ಅಂತ ಹುಡುಕಿದಾಗ ಸಿಕ್ಕಿತು. 2014ರಲ್ಲಿ ಊರಿನ ಹೆಸರು ಬದಲಾಗಿದೆ, ಆ ಪಟ್ಟಿ ಬದಲಾಗಿಲ್ಲ.

ತಿಂಗಳ ಮನೆ ಖರ್ಚಿಗೆ ನಾನು ಎಕ್ಸ್‌ಚೇಂಜ್ ಹೌಸ್ ದಾರಿಯನ್ನೇ ಹೇಳುತ್ತೇನೆ. ಪ್ಲಾಟ್ ಖರೀದಿಯಂಥ ದೊಡ್ಡ ಮೊತ್ತಕ್ಕೆ ಸ್ವಿಫ್ಟ್ ವಾಸಿ. ಹಣ ಎಲ್ಲಿ ನಿಂತಿದೆ ಅಂತ ವಿಚಾರಿಸಲು ಅದರ ಉಲ್ಲೇಖ ಸಂಖ್ಯೆ ಕೈಯಲ್ಲಿರುತ್ತದೆ.

ಹಳೇ ಸಿಂಡಿಕೇಟ್ ಬ್ಯಾಂಕ್ ಪಾಸ್‌ಬುಕ್ ಇರುವವರು ಅದರಲ್ಲಿನ ಕೋಡ್ ಕೊಡಬೇಡಿ. 2020ರಲ್ಲಿ ಆ ಬ್ಯಾಂಕ್ ಕೆನರಾದಲ್ಲಿ ಸೇರಿತು, 2021ರ ಜುಲೈನಿಂದ ಆ ಐಎಫ್‌ಎಸ್‌ಸಿ ನಡೆಯುವುದಿಲ್ಲ. ಶಾಖೆಗೆ ಹೋಗಿ ಹೊಸದನ್ನು ಬರೆಸಿಕೊಂಡು ಬನ್ನಿ.